ಸಾಕ್ಷಿ ಉಟ್ಟು

ವಿದ್ಯಾರ್ಥಿನಿ ಸಣ್ಣಿ ಎರಡು ವರ್ಷ ತೋಟ ತೋಟ ಅಲೆದು ಬರೆದ ಪ್ರಬಂಧವನ್ನು ವಿಭಾಗದ ಮುಖ್ಯಸ್ಥ ಚೇತನ್‌ಕುಮಾರ್ ತಮ್ಮ ಹೆಸರಿನಲ್ಲಿ ಪುಸ್ತಕ ಮಾಡಿದರು. ಅವಳು ಅದನ್ನು ಉಳಿಸಿಟ್ಟಿದ್ದು ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನಲ್ಲಿ. ಗೋಡೆಗೆ ಅಂಟಿಸಿದ ನಿಯಮಾವಳಿಯ ಒಂಬತ್ತನೆಯ ಸಾಲು ಹೀಗಿದೆ: ಇಲ್ಲಿ ಉಳಿಸಿದ ಕಡತಗಳಿಗೆ ವಿಶ್ವವಿದ್ಯಾಲಯ ಹೊಣೆಯಲ್ಲ.

ಆ ಲ್ಯಾಬಿನ ಉಸ್ತುವಾರಿ ಯಮುನ ಈಗ ಸಹಿ ಪುಸ್ತಕವನ್ನು ಎದೆಗವಚಿಕೊಂಡು ಮುಖ್ಯಸ್ಥರ ಕೋಣೆಯಲ್ಲಿ ನಿಂತಿದ್ದಳು. ಕೂರಲು ಯಾರೂ ಹೇಳಿರಲಿಲ್ಲ. ಹದಿಮೂರು ವರ್ಷದ ಗುತ್ತಿಗೆ ಕೆಲಸ. ಪ್ರತಿ ಜೂನ್‌ನಲ್ಲಿ ಅದು ಹೊಸದಾಗಬೇಕು. ಈ ವರ್ಷದ ಗುತ್ತಿಗೆ ಪತ್ರ ಅದೇ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು.

“ಬುಧವಾರ ಬೆಳಿಗ್ಗೆ ಕುಲಪತಿಗಳಿಗೆ ನನ್ನ ಪುಸ್ತಕ ಕದ್ದದ್ದು ಅಂತ ದೂರು ಹೋಗಿದೆ,” ಎಂದರು ಚೇತನ್‌ಕುಮಾರ್. “ಬರೆದವರ ಹೆಸರಿಲ್ಲ. ಹೋಗಿರೋದು ನಿಮ್ಮ ಲ್ಯಾಬಿನ ಹನ್ನೊಂದನೇ ಕಂಪ್ಯೂಟರಿಂದ. ಯಾರು ಕೂತಿದ್ರು ಅಲ್ಲಿ?”

“ಪುಸ್ತಕದಲ್ಲಿ ಯಾರ ಸಹಿಯೂ ಇಲ್ಲ ಸಾರ್.”

“ಸಹಿ ಹಾಕಿಸದೆ ವಿದ್ಯಾರ್ಥಿಗಳನ್ನ ಒಳಗೆ ಬಿಟ್ರಾ?”

“ಇಲ್ಲ ಸಾರ್. ಒಬ್ಬರನ್ನೂ ಬಿಟ್ಟಿಲ್ಲ.”

“ಪಾಸ್‌ವರ್ಡ್ ಹಾಕದೆ ಕಂಪ್ಯೂಟರ್ ತೆರೆಯುತ್ತಾ?”

“ಹನ್ನೊಂದು ತೆರೆಯುತ್ತೆ ಸಾರ್. ಕೆಟ್ಟು ಆರು ತಿಂಗಳಾಯ್ತು. ಮೂರು ಸಲ ಬರೆದುಕೊಟ್ಟಿದ್ದೀನಿ.”

ಮುಖ್ಯಸ್ಥರು ಅದನ್ನು ಕೇಳಿಸಿಕೊಳ್ಳಲಿಲ್ಲ. ಪಕ್ಕದಲ್ಲಿ ಗುಮಾಸ್ತ ಜವರಪ್ಪ ದೂರಿನ ಪ್ರತಿ ಹಿಡಿದು ಒಂದೊಂದೇ ಸಾಲು ಓದುತ್ತಿದ್ದ. ಓದುತ್ತಾ ಓದುತ್ತಾ ನಗುವಿಗೆ ಅವನ ಹೊಟ್ಟೆ ಕುಣಿಯತೊಡಗಿತು.

“ಸಾರ್, ಇದ್ನ ನೋಡಿ. ‘ಇದಕ್ಕೆಲ್ಲ ಸಾಕ್ಷಿ ಉಟ್ಟು.’ ಸಾಕ್ಷಿ ಏನ್ ಸೀರೆನಾ ಸಾರ್, ಉಟ್ಕೊಳ್ಳಾಕೆ?”

ಚೇತನ್‌ಕುಮಾರ್ ನಕ್ಕರು. “ಲೈನ್ ಮನೆ ಕನ್ನಡ ಕಣಯ್ಯ ಅದು, ತೋಟದ ಕೂಲಿಯವರದು. ಇನ್ಯಾರು, ಆ ಸಣ್ಣಿನೇ.”

ಇಷ್ಟೂ ಕನ್ನಡ ಬಾರದವಳ ಇನ್ನೂರು ಪುಟಗಳನ್ನು ಅವರು ಒಂದು ಒತ್ತಕ್ಷರವನ್ನೂ ತಿದ್ದದೆ ಅಚ್ಚು ಹಾಕಿಸಿದ್ದರು.

ಆದರೆ ಯಮುನಳಿಗೆ ಆಗ ಸಿಟ್ಟು ಬರಲಿಲ್ಲ. ಹೆದರಿ ಬಾಗಿಲತ್ತ ನೋಡಿದಳು. ಇವರಿಬ್ಬರೂ ಶನಿವಾರಸಂತೆ ಕಡೆಯವರು, ಆ ಮಾತು ಗೊತ್ತಾಗಲಿಲ್ಲ. ಮಡಿಕೇರಿಯ ಯಾವನಾದರೂ ಇಣುಕಿ ನೋಡಿದ್ದರೆ ಮುಗಿದಿತ್ತು. ಅದು ತಪ್ಪು ಕನ್ನಡವಲ್ಲ, ಮಡಿಕೇರಿ ಕಡೆ ಆಡುವ ಸರಿಯಾದ ಅರೆಭಾಷೆ. ‘ಇದೆ’ ಎನ್ನುವ ಕಡೆ ಅರೆಭಾಷೆಯ ಮನೆಗಳಲ್ಲಿ ‘ಉಟ್ಟು’ ಎನ್ನುತ್ತಾರೆ. ಯಮುನಳ ಮನೆಯಲ್ಲೂ ಹಾಗೆಯೇ. ಆ ವಿಭಾಗದಲ್ಲಿ ಅರೆಭಾಷೆ ಆಡುವ ವಿದ್ಯಾರ್ಥಿನಿ ಒಬ್ಬಳೇ ಇದ್ದಳು. ಅವಳು ಯಮುನಳ ಮಗಳು ರಮ್ಯ.

“ಆ ಸಣ್ಣಿನ ಕರಕೊಂಡು ಬಾ,” ಎಂದರು ಮುಖ್ಯಸ್ಥರು. ಜವರಪ್ಪ ಹೋದ. ಯಮುನಳ ಕೈಯಲ್ಲಿ ಫೋನು ಗುಂಯ್‌ಗುಟ್ಟಿತು. ಅವಳು ಜಗಲಿಗೆ ಸರಿದಳು.

“ಅವ್ವಾ,” ಎಂದಳು ರಮ್ಯ. “ಎಂಥದೂ ಹೇಳ್‌ಬೇಡ. ನಂಗೆ ಹೆದರಿಕೆ ಆದೆ.”

“ಗೊತ್ತುಟ್ಟು ಮಗಾ. ಫೋನಿಡು,” ಎಂದು ಯಮುನ ಮತ್ತೆ ಒಳಗೆ ಬಂದಳು.

ಹುದಿಕೇರಿ ಹತ್ತಿರದ ತೋಟದ ಲೈನ್ ಮನೆಯ ಹುಡುಗಿ ಸಣ್ಣಿ ಜವರಪ್ಪನ ಹಿಂದೆ ಕೋಣೆಗೆ ಬಂದು ಗೋಡೆಗೆ ಒರಗದೆ ನೆಟ್ಟಗೆ ನಿಂತಳು.

“ಲ್ಯಾಬ್ ಇರೋದು ಓದೋಕೆ ಮಾತ್ರ. ನಾಲ್ಕನೇ ನಿಯಮ. ಓದಿದ್ದೀಯಾ?” ಎಂದರು ಮುಖ್ಯಸ್ಥರು.

“ಓದಿದ್ದೀನಿ ಸಾರ್. ಒಂಬತ್ತನೇದನ್ನೂ ಓದಿದ್ದೀನಿ.”

“ಬಾಯಿ ಬೇರೆ,” ಎಂದ ಜವರಪ್ಪ.

“ದೂರು ಬರೆದಿದ್ದು ನೀನೇ ತಾನೆ?” ಮುಖ್ಯಸ್ಥರು ಕೇಳಿದರು.

“ಅಲ್ಲ ಸಾರ್. ನಾನಾಗಿದ್ರೆ ಕೆಳಗೆ ಹೆಸರು ಹಾಕಿರ್ತಿದ್ದೆ.”

ಯಮುನ ತಲೆ ತಗ್ಗಿಸಿದಳು. ಆ ಹುಡುಗಿಯ ಮುಖ ನೋಡುವುದು ಅವಳಿಂದಾಗಲಿಲ್ಲ.

ಚೇತನ್‌ಕುಮಾರ್ ಒಂದು ಹಾಳೆಯನ್ನು ಯಮುನಳತ್ತ ನೂಕಿದರು. ಮೊದಲೇ ಟೈಪಾಗಿತ್ತು. ಬುಧವಾರ ಬೆಳಿಗ್ಗೆ ಸಣ್ಣಿ ಎಂಬ ವಿದ್ಯಾರ್ಥಿನಿ ನಿಯಮ ಮೀರಿ ಹನ್ನೊಂದನೇ ಕಂಪ್ಯೂಟರಿನಲ್ಲಿ ಕುಳಿತಿದ್ದನ್ನು ಉಸ್ತುವಾರಿಯಾದ ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ಶಿಕ್ಷೆ: ವರ್ಷ ಮುಗಿಯುವವರೆಗೆ ಲ್ಯಾಬಿಗೆ ಪ್ರವೇಶವಿಲ್ಲ. ಲ್ಯಾಬಿಲ್ಲದೆ ಹೊಸ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಪದವಿಯಿಲ್ಲ.

“ನೀವು ಇದಕ್ಕೆ ಸಹಿ ಹಾಕಿ, ನಾನು ನಿಮ್ಮ ಗುತ್ತಿಗೆಗೆ ಹಾಕ್ತೀನಿ,” ಎಂದರು. ಆಮೇಲೆ ಏನೋ ನೆನಪಾದವರಂತೆ, “ನಿಮ್ಮ ಮಗಳೂ ಇಲ್ಲೇ ಅಲ್ವಾ, ರಮ್ಯ? ಒಳ್ಳೇ ಹುಡುಗಿ. ದಿನಾ ಹನ್ನೊಂದರಲ್ಲೇ ಕೂರ್ತಾಳಂತೆ.”

ಯಮುನ ಮೇಜಿನ ಅಂಚು ಹಿಡಿದುಕೊಂಡಳು. ಒಂದು ಸಹಿ. ಮಗಳು ಉಳಿಯುತ್ತಾಳೆ, ಕೆಲಸ ಉಳಿಯುತ್ತದೆ. ಸಣ್ಣಿ ಲೈನ್ ಮನೆಗೆ ವಾಪಸಾಗುತ್ತಾಳೆ. ಯಾಕೆ ಎಂದು ಕೇಳಲು ಅಲ್ಲಿಂದ ಯಾರೂ ಬಸ್ಸು ಹತ್ತಿ ಬರುವುದಿಲ್ಲ. ಬಂದರೂ ಇವರು ಕೂರಲು ಹೇಳುವುದಿಲ್ಲ.

ಪೆನ್ನು ತೆಗೆದುಕೊಂಡಳು. ಅದರ ತುದಿ ಹಾಳೆಗೆ ತಾಗಿ ಒಂದು ನೀಲಿ ಚುಕ್ಕೆ ಬಿತ್ತು.

“ಹಾಕಿ ಮೇಡಂ,” ಎಂದ ಜವರಪ್ಪ, ಗಡಿಯಾರ ನೋಡಿ. “ಊಟದ ಹೊತ್ತಾಯ್ತು.”

ಯಮುನ ಪೆನ್ನನ್ನು ಕೆಳಗಿಟ್ಟಳು.

“ಹಾಕಲ್ಲ ಸಾರ್. ಬುಧವಾರ ಅಲ್ಲಿ ಕೂತು ಆ ದೂರು ಬರೆದವಳು ನಾನು. ಕಳಿಸಬೇಡ ಅಂತ ಹಿಂದಿನ ರಾತ್ರಿಯೆಲ್ಲ ಮಗಳು ಅತ್ತಳು, ನಾನೇ ಕೇಳಲಿಲ್ಲ.”