ಸಹಿಯ ಮೇಲಿನ ಸಾಲು

"ಸಹಿ ಹಾಕಿ ಮೇಡಂ. ಹಳೇ ಬುಕಿಂಗ್ ರದ್ದಾಗುತ್ತೆ, ಹೊಸ ದರದಲ್ಲಿ ಈಗಲೇ ರೂಮ್ ಕೊಡ್ತೀವಿ," ಎಂದು ಹೋಟೆಲ್ ಮ್ಯಾನೇಜರ್ ಕೌಂಟರಿನ ಮೇಲೆ ಫಾರಂ ಮುಂದೆ ತಳ್ಳಿ ಮೂರನೇ ಸಲ ಹೇಳಿದ. ಊರಿನಲ್ಲಿ ಏನೋ ಸಮ್ಮೇಳನವಂತೆ, ಬಾಡಿಗೆ ಎರಡು ಪಟ್ಟಾಗಿದೆಯಂತೆ. ಎದುರಿಗೆ ನಿಂತಿದ್ದ ಟೈಲರ್ ಹೆಂಗಸಿನ ಕೈಯಲ್ಲಿ ತಿಂಗಳ ಹಿಂದಿನ ಬುಕಿಂಗ್ ಚೀಟಿ ನಲುಗಿತ್ತು. ಬೆಳಗ್ಗೆ ಎದುರಿನ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಆಗಬೇಕಿದ್ದ ಅವಳ ಅಕ್ಕ ಸೂಟ್‌ಕೇಸಿನ ಮೇಲೆಯೇ ಕೂತಿದ್ದಳು.

"ಬಟ್ಟೆ ಕತ್ತರಿಸಿದ ಮೇಲೆ ನಾನು ಕೂಲಿ ಏರಿಸಿದ್ರೆ ನೀವು ಸುಮ್ನಿರ್ತೀರಾ?"

"ಅದು ಬಟ್ಟೆ ಮೇಡಂ, ಇದು ಹೋಟೆಲ್."

"ಸಾಕು ಕಣೇ, ಬಂಡೆಗೆ ಯಾಕೆ ತಲೆ ಚಚ್ಕೋತೀಯ? ಹಾಕ್ಬಿಡು," ಎಂದು ಅಕ್ಕ ಗೊಣಗಿದಳು.

ಟೈಲರ್ ಸೋತು ಕೈ ಚಾಚಿದಾಗ ಮ್ಯಾನೇಜರ್ ಪಕ್ಕದಲ್ಲಿದ್ದ ರಿಸೆಪ್ಷನಿಸ್ಟ್ ಪೆನ್ನು ನೀಡಿದಳು. ಆದರೆ ತನ್ನ ಕೈಯಿಂದ ಬಿಡಲಿಲ್ಲ. ಮುಚ್ಚಳ ತೆಗೆಯದ ಪೆನ್ನಿನ ತುದಿಯನ್ನು ಸಹಿಯ ಜಾಗಕ್ಕಿಂತ ಮೇಲಿನ ಸಾಲಿನ ಮೇಲೆ ಒತ್ತಿ ಹಿಡಿದು, ಎತ್ತಲೋ ನೋಡುತ್ತ ನಿಂತಳು. ಟೈಲರ್ ಕನ್ನಡಕ ಏರಿಸಿಕೊಂಡು ಓದಿದಳು: 'ಅತಿಥಿಯ ಸ್ವಂತ ಕೋರಿಕೆಯ ಮೇರೆಗೆ ಬುಕಿಂಗ್ ರದ್ದುಪಡಿಸಲಾಗಿದೆ.'

ಅವಳು ಆ ಹಾಳೆಯನ್ನು ನೀಟಾಗಿ ಮಡಚಿ, ಬುಕಿಂಗ್ ಚೀಟಿಯ ಜೊತೆ ಕೈಚೀಲಕ್ಕೆ ಹಾಕಿಕೊಂಡಳು.

"ಅದು ನಮ್ಮ ಫಾರಂ, ವಾಪಸ್ ಕೊಡಿ!" ಮ್ಯಾನೇಜರ್ ಮೊದಲ ಬಾರಿಗೆ ಕೌಂಟರಿನಿಂದ ಈಚೆ ಬಂದ.

"ಗ್ರಾಹಕರ ನ್ಯಾಯಾಲಯದಲ್ಲಿ ಕೊಡ್ತೀನಿ," ಎಂದು ಅವಳು ಬರಿಗೈ ಮುಂದೆ ಚಾಚಿದಳು. "ಈಗ ನಮ್ಮ ರೂಮಿನ ಕೀಲಿ ಕೊಡಿ."