ಒಂದೇ ಸೀಟಿನ ದೋಣಿ

ಎರಡು ಸೀಟಿನ ಕಯಾಕ್ ದೋಣಿ ಬೇಡವೆಂದು ಹೆಂಡತಿಗೆ ಹೇಗೆ ಹೇಳುವುದೆಂದು ಅವನು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಿದ್ದ. ಹಿನ್ನೀರಿನ ನಡುಗಡ್ಡೆಯಲ್ಲಿ ಟೆಂಟು ಹಾಕಿ, ಎರಡು ದಿನ ಯಾರ ಕಾಟವೂ ಇಲ್ಲದೆ ಒಬ್ಬನೇ ಬಿದ್ದುಕೊಂಡಿರಬೇಕು ಎಂಬುದು ಅವನ ಆಸೆ. ಅಂಗಡಿಗೆ ಕಾಲಿಟ್ಟೊಡನೆ ಅವಳೇ ಬಾಯಿಬಿಟ್ಟಳು.

"ಒಂದೇ ಸೀಟಿಂದು ಸಾಕು ರೀ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆದರೂ ಬಾಯುಪಚಾರಕ್ಕೆ ಅವನೆಂದ, "ಯಾಕೆ, ಇಬ್ರೂ ಹೋಗಬಹುದಲ್ಲ?"

"ಇಬ್ರೂ ಹೋದ್ರೆ ಅತ್ತೆ ಮಂಡಿಗೆ ಎಣ್ಣೆ ತಿಕ್ಕೋರು ಯಾರು? ಒಬ್ರು ಮನೇಲಿರ್ಲೇಬೇಕು."

ಇಂಥ ಹೆಂಡತಿಯನ್ನು ಪಡೆಯಲು ಏಳು ಜನ್ಮದ ಪುಣ್ಯ ಬೇಕು ಎಂದುಕೊಂಡ. ಅವಳು ಆಗಲೇ ಅಂಗಡಿಯವನ ಮುಂದೆ ನಿಂತಿದ್ದಳು.

"ಉದ್ದದ್ದೇ ತೋರಿಸಿ. ಗಾಳಿ ಎದ್ರೂ ನೇರ ಹೋಗ್ಬೇಕು. ಟೆಂಟು, ಸ್ಟೌ ಒಳಗಿಟ್ಟು ಮುಚ್ಚಿದ್ರೆ ಒಂದು ಹನಿ ನೀರೂ ಇಳೀಬಾರ್ದು."

"ಇದನ್ನೆಲ್ಲ ಎಲ್ಲಿ ಕಲಿತೆ?" ಅವನಿಗೆ ಅಚ್ಚರಿ.

"ಮಗಳನ್ನ ದಿನಾ ಈಜಿಗೆ ಕರ್ಕೊಂಡು ಹೋಗ್ತೀನಲ್ಲ. ಅಲ್ಲೇ ಕಯಾಕೂ ಕಲಿಸ್ತಾರೆ. ಸುಮ್ನೆ ಕೂತಿರ್ತೀನಾ?"

ನೀಲಿ ಬಣ್ಣದ್ದೊಂದು ಅವಳಿಗೆ ಒಪ್ಪಿಗೆಯಾಯಿತು. ಅಂಗಡಿಯವನು ಲೈಫ್ ಜಾಕೆಟ್ ತೆಗೆಯುತ್ತಾ ಕೇಳಿದ, "ಹೋಗೋರ ತೂಕ ಎಷ್ಟು ಸಾರ್?"

"ಎಂಬತ್ತೆರಡು," ಎಂದ ಅವನು, ಹೊಟ್ಟೆಯನ್ನು ಒಳಗೆಳೆದುಕೊಂಡು.

"ಅವರದ್ದಲ್ಲ, ನಂದು. ಐವತ್ತಾರು," ಎಂದು ಅವಳು ಜಾಕೆಟ್ಟಿಗೆ ಕೈಚಾಚಿ ಗಂಡನ ಕಡೆ ತಿರುಗಿದಳು, "ರೀ, ಎಣ್ಣೆ ಬಾಟ್ಲಿ ಫ್ರಿಜ್ ಮೇಲಿದೆ. ಬಿಸಿ ಮಾಡಿ ಹಚ್ಚಿ."