ಕಟ್ಟಿಟ್ಟ ಉಸಿರು

ಚಿಕ್ಕಂದಿನಲ್ಲಿ ಉಯ್ಯಾಲೆಯ ಸರಪಳಿ ಹಿಡಿದಾಗ ಅಂಗೈಗೆ ಹತ್ತುತ್ತಿದ್ದ ಕಬ್ಬಿಣದ ವಾಸನೆಯೇ ಈ ಡಂಬೆಲ್‌ಗಳಿಗೂ ಇತ್ತು. ಬೆಂಚಿನ ಮೇಲೆ ಅಂಗಾತ ಮಲಗಿದ ಟೈಲರ್ ಎರಡನ್ನೂ ಎದೆಯ ಮಟ್ಟದಿಂದ ಮೇಲಕ್ಕೆ ಒತ್ತಿದರು. ಹಾಸಿಗೆ ಹಿಡಿದ ಹೆಂಡತಿಯನ್ನು ಎತ್ತಲು ಬಲ ಬೇಕೆಂದು ಜಿಮ್ ಸೇರಿದ್ದವರು, ಅವಳು ತೀರಿಕೊಂಡ ಮೇಲೆ ಇವತ್ತೇ ಮೊದಲು ಬಂದದ್ದು.

“ಮೊಣಕೈ ಅಷ್ಟು ಅಗಲ ಬೇಡ ಮಾಮ. ಮಣಿಕಟ್ಟು ನಿಮ್ಮ ಹೊಲಿಗೆ ಥರ ನೆಟ್ಟಗಿರ್ಲಿ,” ಎಂದು ತರಬೇತಿ ಕೊಡುವ ಹುಡುಗಿ ಎಂದಿನಂತೆಯೇ ಗದರಿದಳು. “ನೋಡಿ, ಮತ್ತೆ ಉಸಿರು ಕಟ್ಟಿದ್ರಿ! ಎತ್ತುವಾಗ ಬಿಡ್ಬೇಕು ಅಂತ ಎಷ್ಟು ಸಲ ಹೇಳ್ಲಿ?”

“ಬಿಟ್ರೆ ಅವಳಿಗೆ ಕೇಳ್ಸುತ್ತಮ್ಮ,” ಎಂದರು ಟೈಲರ್. “ಕುರ್ಚಿಗೆ ಎತ್ತಿ ಕೂರ್ಸುವಾಗ ನಾನು ಒಂಚೂರು ಉಸ್ ಅಂದ್ರೂ ಸಾಕು, ‘ನಾನು ಭಾರ ಆಗ್ಬಿಟ್ನಾ?’ ಅಂತ ಮುಖ ಸಣ್ಣ ಮಾಡ್ಕೊಳ್ತಾಳೆ.”

ಹೇಳಿದ್ದು ಆಮೇಲೆ ಅವರಿಗೇ ಕೇಳಿಸಿತು. ಮೇಲಕ್ಕೆತ್ತಿದ ಕೈಗಳು ಅಲ್ಲೇ ನಿಂತುಬಿಟ್ಟವು. ಹುಡುಗಿ ಡಂಬೆಲ್‌ಗಳನ್ನು ಮೆಲ್ಲಗೆ ಬಿಡಿಸಿಕೊಂಡು ಕೆಳಗಿಟ್ಟಳು.

“ಈಗ ಬಿಡಿ ಮಾಮ,” ಎಂದಳು.

ಅಷ್ಟು ದಿನ ಕಟ್ಟಿಟ್ಟ ಉಸಿರು ದೊಡ್ಡ ಸದ್ದು ಮಾಡುತ್ತ ಹೊರಬಂತು. ಅದರ ಬೆನ್ನಿಗೇ ಅಳು. ಅವರು ಎದ್ದು ಕೂತು ಕಣ್ಣೊರೆಸಿಕೊಂಡಾಗ ಅವಳು ತನ್ನ ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅವರ ಕೈಗೆ ಕೊಟ್ಟಳು.